ಫ್ಲಾರೆನ್ಸ್ ನೈಟಿಂಗೇಲ್

ಸಿರಿವಂತ ಆಂಗ್ಲ ಮನೆತನದ ಫ್ಲಾರೆನ್ಸ್ ನೈಟಿಂಗೇಲ್ 1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದಳು. ಊರಿನ ಹೆಸರೇ ಆಕೆಯ ಹೆಸರಾಯಿತು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಶುಶ್ರೂಷೆಗೆಂದು 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟರಿ ಆಸ್ಪತ್ರೆಗೆ ಬಂದಳು. ನೆಲ ತೊಳೆಸಿದಳು, ಬಟ್ಟೆ ಒಗೆಸಿದಳು, ಒಳ್ಳೆಯ ಊಟ ಒದಗಿಸಿದಳು. ಆದರೂ ಆ ಚಳಿಗಾಲದಲ್ಲಿ ಸಾವು ಏರುತ್ತಲೇ ಹೋಯಿತು. 1855ರ ಮಾರ್ಚಿಯಲ್ಲಿ ಸರಕಾರದ ನೈರ್ಮಲ್ಯ ಸಮಿತಿಯವರು ಬಂದು, ಕಟ್ಟಡದಡಿಯ ಚರಂಡಿಗಳನ್ನು ಶುದ್ಧಿಮಾಡಿಸಿ, ಗಾಳಿಯಾಡಲು ದಾರಿ ಮಾಡಿಸಿದ ಮೇಲೆ ಅದು ಇಳಿಯಿತು.

ಯುದ್ಧ ಮುಗಿದ ಮೇಲೆ ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞನ ನೆರವಿನಿಂದ ಲೆಕ್ಕ ಹಾಕಿದಾಗ ಆಕೆಗೆ ನಿಜ ತಿಳಿಯಿತು. ಗಾಯಗಳಿಗಿಂತ ಕೊಳಕಿನಿಂದ ಹಬ್ಬಿದ ರೋಗಗಳೇ ಹೆಚ್ಚು ಮಂದಿಯನ್ನು ಕೊಂದಿದ್ದವು. ಅದೂ ತನ್ನ ಕಣ್ಣೆದುರಿನಲ್ಲಿಯೇ! ನಾಡೆಲ್ಲ ಕೊಂಡಾಡುತ್ತಿದ್ದಾಗ ಇದನ್ನು ಮುಚ್ಚಿಡುವುದು ಸುಲಭವಾಗಿತ್ತು. ಆಕೆ ಆ ಅಂಕಿಗಳನ್ನು ಚಿತ್ರರೂಪಕ್ಕಿಳಿಸಿ, ಮುದ್ರಿಸಿ ಹಂಚಿದಳು.

ಅಂದಿನಿಂದ ಆಕೆಯ ಪರೀಕ್ಷೆಯ ಬಗೆಯೇ ಬದಲಾಯಿತು. ಹಾಸಿಗೆಗಳ ನಡುವೆ ಎಷ್ಟು ಅಂತರ? ನೀರು ಎಲ್ಲಿಂದ ಬರುತ್ತದೆ? ಕೊಳಚೆ ಎಲ್ಲಿಗೆ ಹೋಗುತ್ತದೆ? ಸತ್ತವರೆಷ್ಟು? ಭಾರತಕ್ಕೆ ಆಕೆ ಎಂದೂ ಬರಲಿಲ್ಲ. ಆದರೆ ಇಲ್ಲಿನ ದಂಡುಪ್ರದೇಶಗಳಿಗೆ ಇಂಥ ಪ್ರಶ್ನೆಗಳು ಬಂದವು. ಜನ ಕುಡಿಯುತ್ತಿದ್ದ ಬೆಂಗಳೂರಿನ ಹಲಸೂರು ಕೆರೆಗೆ ಪೇಟೆಯ ಕೊಳಚೆ ಸೇರುತ್ತಿದ್ದ ಸಂಗತಿ 1863ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಇಂಗ್ಲೆಂಡಿನ ಬಡವರ ಆಶ್ರಯಗೃಹಗಳಲ್ಲಿ ರೋಗಿಷ್ಠ ಮುದುಕರನ್ನು ಅಲ್ಲಿನ ಇತರ ನಿರ್ಗತಿಕರೇ ನೋಡಿಕೊಳ್ಳುತ್ತಿದ್ದರು. ಅವರಿಗೆ ಕಲಿಸಿದವರಿಲ್ಲ, ಕೇಳುವವರಿಲ್ಲ. 1865ರಲ್ಲಿ ನೈಟಿಂಗೇಲಳ ಶಾಲೆಯಲ್ಲಿ ಕಲಿತ ಆಗ್ನೆಸ್ ಜೋನ್ಸ್ 12 ಮಂದಿ ದಾದಿಯರೊಡನೆ ಲಿವರ್‌ಪೂಲಿನ ಆಶ್ರಯಗೃಹಕ್ಕೆ ಹೋದಳು. ಮೂರೇ ವರ್ಷಗಳಲ್ಲಿ ಟೈಫಸ್ ಜ್ವರಕ್ಕೆ ಬಲಿಯಾದಳು. ನೈಟಿಂಗೇಲ್ ಬಹುಕಾಲ ಹಾಸಿಗೆ ಹಿಡಿದಿದ್ದರೂ ಪತ್ರಗಳನ್ನು ಬರೆಯುವುದನ್ನು ಬಿಡಲಿಲ್ಲ. ಕಡೆಗೆ ಕಣ್ಣು ಕಾಣದಾಗಿ, ಇತರರ ಆರೈಕೆಯಲ್ಲಿದ್ದು, 1910ರಲ್ಲಿ ತನ್ನ 90ನೆಯ ವಯಸ್ಸಿನಲ್ಲಿ ತೀರಿಕೊಂಡಳು.