ಹೊಸ ಲೇಔಟ್ ಎಂದರೆ ಅಭಿವೃದ್ಧಿಯೇ? ಫಿರೋಜ್ ಶಾ ಕಟ್ಟಿದ ಊರು ಏನು ಹೇಳುತ್ತದೆ

ಊರ ಹೊರಗಿನ ಸೈಟುಗಳ ಜಾಹೀರಾತು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ನಗರ ಹೊರಕ್ಕೆ ಹರಡಿದಷ್ಟೂ ಅಭಿವೃದ್ಧಿ ಎಂದು ಹಲವರು ನಂಬುತ್ತಾರೆ. ಇದು ನಿಜವೇ? ನಾವು ಕಲಬುರಗಿಯ ಒಬ್ಬ ಸುಲ್ತಾನನ ಬದುಕನ್ನು ನೋಡೋಣ.

ತಾಜುದ್ದೀನ್ ಫಿರೋಜ್ ಶಾ 1397ರಲ್ಲಿ ಬಹಮನಿ ಗದ್ದುಗೆ ಏರಿದ. ಆಗ ರಾಜಧಾನಿ ಕಲಬುರಗಿ. ಅವನು ಹಲವು ಭಾಷೆ ಬಲ್ಲವನು, ಖಗೋಳ ಮತ್ತು ರೇಖಾಗಣಿತದಲ್ಲಿ ಆಸಕ್ತಿ ಇದ್ದವನು. 1400ರ ಸುಮಾರಿಗೆ ಕಲಬುರಗಿಯ ದಕ್ಷಿಣಕ್ಕೆ, 25 ಕಿ.ಮೀ.ಗೂ ಹೆಚ್ಚು ದೂರದಲ್ಲಿ, ಭೀಮಾ ನದಿಯ ದಡದಲ್ಲಿ ಫಿರೋಜಾಬಾದ್ ಎಂಬ ಹೊಸ ನಗರ ಕಟ್ಟಿಸಿದ. ಕೋಟೆ, ಅರಮನೆ, ದೊಡ್ಡ ಮಸೀದಿ, ಸ್ನಾನಗೃಹ ಎಲ್ಲವೂ ಇದ್ದವು. ಪಕ್ಕದಲ್ಲೇ ನದಿ.

ಆದರೆ ಕೊನೆಗಾಲದಲ್ಲಿ ಅವನು ಪಾನಗಲ್‌ನಲ್ಲಿ ವಿಜಯನಗರದ ಎದುರು ಸೋತ. 1422ರಲ್ಲಿ ತಮ್ಮ ಅಹ್ಮದ್ ಶಾ ಅಧಿಕಾರ ಹಿಡಿದ. ಅದೇ ವರ್ಷ ಫಿರೋಜ್ ತೀರಿಕೊಂಡ. ಕಲಬುರಗಿಯ ಹಫ್ತ್ ಗುಂಬಜ್‌ನಲ್ಲಿ ಅವನ ಸಮಾಧಿ ಇದೆ. ಮುಂದೆ ರಾಜಧಾನಿ ಬೀದರ್‌ಗೆ ಹೋಯಿತು.

ಗಮನಿಸಿ: ಆಸರೆ ಕಳೆದುಕೊಂಡದ್ದು ಎರಡೂ ಊರು. ಫಿರೋಜಾಬಾದ್ ಪಾಳುಬಿತ್ತು, ಕಲಬುರಗಿ ಉಳಿಯಿತು. ಏಕೆ? ಸೋಲು, ರಾಜಕೀಯ ಎಲ್ಲವೂ ಕಾರಣವಿರಬಹುದು. ಆದರೂ ನಮಗೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಫಿರೋಜಾಬಾದ್ ಅರಮನೆಯನ್ನು ನಂಬಿದ ಊರು. ಕಲಬುರಗಿಯಲ್ಲಿ ಸಂತೆ, ಕಸುಬು, ಮನೆ, ಬಂದೇ ನವಾಜರ ದರ್ಗಾ ಎಲ್ಲವೂ ಹತ್ತಿರ ಹತ್ತಿರ ಇದ್ದವು.

ಈಗ ಬೀದರ್ ಕಡೆಯ ಅದೇ ದಾರಿಯಲ್ಲಿರುವ ಕಮಲಾಪುರಕ್ಕೆ ಬನ್ನಿ. ಇಲ್ಲಿನ ಕೆಂಪು ಬಾಳೆಗೆ ಜಿಐ ಟ್ಯಾಗ್ ಇದೆ. ಕಲಬುರಗಿ ಜಿಲ್ಲೆ ತೊಗರಿಯ ಕಣಜ. ಒಮ್ಮೆ ಕಲ್ಲು ನೆಟ್ಟು ರಸ್ತೆ ಹಾಕಿದ ಹೊಲ ಮತ್ತೆ ಹೊಲವಾಗುವುದು ಕಷ್ಟ. ದೂರದಲ್ಲಿ ಚದುರಿದ ಮನೆಗಳಿಗೆ ನೀರಿನ ಪೈಪು, ಚರಂಡಿ, ಬೀದಿದೀಪ, ಬಸ್ಸು ಎಲ್ಲದರ ಖರ್ಚೂ ಹೆಚ್ಚು. ಅದನ್ನು ತೆರಿಗೆ ರೂಪದಲ್ಲಿ ಕಟ್ಟುವವರು ನಾವೇ.

ಹಾಗಾದರೆ ನಗರ ಬೆಳೆಯಬಾರದೇ? ಬೆಳೆಯಲಿ. ಮೊದಲು ನಗರದೊಳಗಿನ ಖಾಲಿ ಸೈಟುಗಳು ತುಂಬಲಿ. ಬಸ್ ಮಾರ್ಗದ ಹತ್ತಿರ ಮನೆ, ಅಂಗಡಿ, ಶಾಲೆ ಒಟ್ಟಿಗೆ ಬರಲಿ. ಕೆರೆ ಮತ್ತು ಒಳ್ಳೆಯ ಹೊಲ ಹಾಗೆಯೇ ಉಳಿಯಲಿ.

ಮುಂದಿನ ಸಲ ಸೈಟಿನ ಮೆಸೇಜ್ ಬಂದಾಗ ಫಾರ್ವರ್ಡ್ ಮಾಡುವ ಮುನ್ನ ಮೂರು ಪ್ರಶ್ನೆ ಕೇಳಿ: ಭೂ ಪರಿವರ್ತನೆ ಆಗಿದೆಯೇ? ನೀರು ಎಲ್ಲಿಂದ? ಕೊನೆಯ ಬಸ್ಸು ಎಷ್ಟು ಗಂಟೆಗೆ?