ತಿಂಡಿಗೆ ಹೆಸರಾದ ಸ್ಯಾಂಡ್‌ವಿಚ್

ಮಕ್ಕಳೇ, ಹೊಲಕ್ಕೆ ಹೋಗುವಾಗ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ, ಸುತ್ತಿ ಕೈಯಲ್ಲಿ ಹಿಡಿದುಕೊಂಡು ನೀವು ತಿಂದಿರಬಹುದು. ಅದಕ್ಕೆ ತಟ್ಟೆ ಬೇಡ, ಕೂಡಲು ಜಾಗವೂ ಬೇಡ. ಇಂಥದೇ ಅನುಕೂಲದ ಒಂದು ತಿಂಡಿ ಇಂಗ್ಲೆಂಡಿನಲ್ಲಿದೆ. ಬ್ರೆಡ್ಡಿನ ಎರಡು ಹೋಳುಗಳ ನಡುವೆ ಏನಾದರೂ ಇಟ್ಟು ತಿನ್ನುವ ಆ ತಿಂಡಿಗೆ ಸ್ಯಾಂಡ್‌ವಿಚ್ ಎಂದು ಹೆಸರು. ಈ ಹೆಸರು ಒಬ್ಬ ಮನುಷ್ಯನಿಂದ ಬಂದದ್ದು. ಅವನು ಯಾರು, ಏನು ಮಾಡಿದ ಎಂಬುದನ್ನು ಈಗ ತಿಳಿಯೋಣ.

ಅವನ ಸ್ವಂತ ಹೆಸರು ಜಾನ್ ಮಾಂಟೆಗ್ಯು. ಅವನು 1718ರ ನವೆಂಬರ್ ತಿಂಗಳಲ್ಲಿ ಹುಟ್ಟಿದನು. ಸ್ಯಾಂಡ್‌ವಿಚ್ ಎಂಬುದು ಇಂಗ್ಲೆಂಡಿನ ಕಡಲ ಹತ್ತಿರದ ಒಂದು ಹಳೆಯ ಊರು. ಮರಳು ನೆಲದ ಪೇಟೆ ಎಂದು ಆ ಮಾತಿನ ಅರ್ಥ. ಜಾನನ ಮುತ್ತಜ್ಜನ ತಂದೆ ದೊಡ್ಡ ನೌಕಾಧಿಕಾರಿ. 1660ರಲ್ಲಿ ರಾಜನು ಅವನಿಗೆ ಸ್ಯಾಂಡ್‌ವಿಚ್‌ನ ಅರ್ಲ್ ಎಂಬ ಬಿರುದು ಕೊಟ್ಟನು. ನಮ್ಮ ಅಕ್ಕಲಕೋಟ, ಜತ್ತಗಳ ಸಂಸ್ಥಾನಿಕರ ಹಾಗೆ ಅರ್ಲನು ನಾಡನ್ನು ಆಳುತ್ತಿರಲಿಲ್ಲ. ಆದರೆ ಬಿರುದು ಮಾತ್ರ ವಂಶದಲ್ಲಿ ಉಳಿದು ಬರುತ್ತಿತ್ತು.

ಜಾನ್ ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡನು. ಅಜ್ಜನು ತೀರಿಕೊಂಡಾಗ ಬಿರುದು ಮೊಮ್ಮಗನಿಗೆ ಬಂದಿತು. ಆಗ ಅವನಿಗೆ ಹತ್ತು ವರ್ಷ, ಹೆಚ್ಚು ಕಡಿಮೆ ನಿಮ್ಮದೇ ವಯಸ್ಸು! ಈಟನ್ ಶಾಲೆಯಲ್ಲಿ, ಆಮೇಲೆ ಕೇಂಬ್ರಿಜ್‌ನಲ್ಲಿ ಅವನು ಓದಿದನು. ಓದು ಮುಗಿದ ಮೇಲೆ ಹಡಗು ಹತ್ತಿ ಗ್ರೀಸ್, ತುರ್ಕಸ್ತಾನ, ಈಜಿಪ್ತ ದೇಶಗಳನ್ನು ಸುತ್ತಿ ಬಂದನು.

ಮುಂದೆ ಅವನು ಸರಕಾರದ ಕೆಲಸಕ್ಕೆ ಸೇರಿದನು. ಫ್ರೆಂಚರು 1746ರಲ್ಲಿ ನಮ್ಮ ಮದ್ರಾಸನ್ನು ಇಂಗ್ಲಿಷರಿಂದ ಗೆದ್ದುಕೊಂಡಿದ್ದರು. 1748ರ ಒಪ್ಪಂದದಂತೆ ಅದು ಇಂಗ್ಲಿಷರಿಗೆ ಮರಳಿತು. ಆ ಮಾತುಕತೆಯಲ್ಲಿ ಬ್ರಿಟನ್ನಿನ ಪರವಾಗಿ ಕುಳಿತವನು ಇದೇ ಸ್ಯಾಂಡ್‌ವಿಚ್. ಮದ್ರಾಸಿನ ಜನರನ್ನು ಮಾತ್ರ ಯಾರೂ ಕೇಳಲಿಲ್ಲ. ಅದೇ ವರ್ಷ ಅವನು ನೌಕಾದಳದ ಮಂತ್ರಿಯಾದನು. ಆ ಹುದ್ದೆ ಅವನಿಗೆ ಒಟ್ಟು ಮೂರು ಸಲ ದೊರೆಯಿತು.

ಇನ್ನು ತಿಂಡಿಯ ಸಂಗತಿ. ಫ್ರಾನ್ಸಿನ ಗ್ರೋಸ್ಲಿ ಎಂಬ ಪ್ರವಾಸಿಯು 1765ರಲ್ಲಿ ಲಂಡನ್ನಿಗೆ ಬಂದಿದ್ದನು. ಒಬ್ಬ ಮಂತ್ರಿಯು ಹಗಲಿರುಳು ಜೂಜಿನ ಮೇಜು ಬಿಟ್ಟು ಏಳಲಿಲ್ಲ, ಬ್ರೆಡ್ಡಿನ ನಡುವೆ ಮಾಂಸದ ತುಂಡನ್ನು ಇಟ್ಟುಕೊಂಡು ಆಡುತ್ತಲೇ ತಿಂದನು ಎಂದು ಅವನು ತನ್ನ ಪುಸ್ತಕದಲ್ಲಿ ಬರೆದನು. ಈ ಕಥೆ ಬಾಯಿಂದ ಬಾಯಿಗೆ ಹರಡಿತು. ಸ್ಯಾಂಡ್‌ವಿಚ್ ಎಂದರೆ ಜೂಜುಕೋರ ಎಂದೇ ಜನ ತಿಳಿದರು.

ಆದರೆ ನೀವು ಸ್ವಲ್ಪ ವಿಚಾರ ಮಾಡಿರಿ. ಆ ಸುಮಾರಿಗೆ ಅವನು ಸರಕಾರದ ದೊಡ್ಡ ಮಂತ್ರಿ, ಕೈತುಂಬ ಕೆಲಸ. ಅವನ ಜೀವನಚರಿತ್ರೆ ಬರೆದ ಎನ್.ಎ.ಎಂ. ರಾಜರ್ ಎಂಬ ಇತಿಹಾಸಕಾರರು ಈ ಕಥೆಯನ್ನು ಒಪ್ಪುವುದಿಲ್ಲ. ಅವನು ಕಾಗದಪತ್ರಗಳ ಮುಂದೆ ಕುಳಿತು, ಊಟಕ್ಕೆ ಏಳದೆ ಹೀಗೆ ತಿಂದಿರಬೇಕು ಎಂದು ಅವರು ಹೇಳುತ್ತಾರೆ. ನನಗೂ ಇದೇ ಸರಿ ಎನಿಸುತ್ತದೆ. ಬರೆಯುವವನ ಬೆರಳಿಗೆ ಎಣ್ಣೆ ಜಿಡ್ಡು ಹತ್ತಬಾರದಲ್ಲವೇ? ಹೊರಗೆ ಒಣ ಬ್ರೆಡ್ಡು, ಒಳಗೆ ರುಚಿ. ಒಂದು ಕೈಯಲ್ಲಿ ತಿಂಡಿ, ಇನ್ನೊಂದರಲ್ಲಿ ಲೇಖನಿ.

ಬ್ರೆಡ್ಡಿನ ನಡುವೆ ಏನನ್ನಾದರೂ ಇಟ್ಟು ತಿನ್ನುವುದನ್ನು ಅವನೇ ಮೊದಲು ಕಂಡುಹಿಡಿದನು ಎಂದು ಹೇಳಲಾಗದು. ಬೇರೆ ದೇಶಗಳ ಜನ ಅದಕ್ಕಿಂತ ಎಷ್ಟೋ ಹಿಂದೆಯೇ ರೊಟ್ಟಿಯಲ್ಲಿ ಸುತ್ತಿ ತಿನ್ನುತ್ತಿದ್ದರು. ಹೆಸರು ಮಾತ್ರ ಇವನದು ನಿಂತಿತು. 1762ರಲ್ಲಿಯೇ ಗಿಬ್ಬನ್ ಎಂಬ ಇತಿಹಾಸಕಾರನ ದಿನಚರಿಯಲ್ಲಿ ಈ ತಿಂಡಿಯ ಹೆಸರು ಬಂದಿದೆ. ಇಂದು ಮುಂಬಯಿಯ ಬೀದಿ ಗಾಡಿಯವನು ಬ್ರೆಡ್ಡಿಗೆ ಮೊದಲು ಬೆಣ್ಣೆ ಸವರುತ್ತಾನೆ. ಬೆಣ್ಣೆ ಇದ್ದರೆ ಚಟ್ನಿಯ ನೀರು ಬೇಗ ಇಳಿಯದು, ಬ್ರೆಡ್ಡು ಮೆತ್ತಗಾಗದು. ಅದರ ಮೇಲೆ ಹಸಿರು ಚಟ್ನಿ, ಬೇಯಿಸಿದ ಬಟಾಟೆ, ಸೌತೆಕಾಯಿ, ಟೊಮ್ಯಾಟೊ. ಊರು ಬದಲಾದಂತೆ ಒಳಗಿನ ರುಚಿ ಬದಲಾಗುತ್ತದೆ, ಹಿಡಿದು ತಿನ್ನುವ ಸುಖ ಅದೇ. ಅದಕ್ಕೇ ಇರಬೇಕು, ಇನ್ನೂರೈವತ್ತು ವರ್ಷ ಕಳೆದರೂ ಜನರಿಗೆ ಈ ತಿಂಡಿ ಬೇಸರ ಬಂದಿಲ್ಲ.

1771ರಲ್ಲಿ ಅವನು ಮೂರನೆಯ ಸಲ ನೌಕಾದಳದ ಮಂತ್ರಿಯಾದನು. ಆಗಿನ ಹಡಗುಗಳು ಕಟ್ಟಿಗೆಯವು. ಸಮುದ್ರದ ಹುಳುಗಳು ಅವುಗಳ ತಳವನ್ನು ಕೊರೆದು ತೂತು ಮಾಡುತ್ತಿದ್ದವು. ಪಾಚಿ, ಚಿಪ್ಪುಗಳು ಅಂಟಿಕೊಂಡು ಹಡಗಿನ ವೇಗ ತಗ್ಗುತ್ತಿತ್ತು. ಅವನ ಕಾಲದಲ್ಲಿ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊಡೆಸುವ ಕೆಲಸ ದೊಡ್ಡದಾಗಿ ನಡೆಯಿತು. ಹಡಗು ಕಟ್ಟುವ ಸ್ಥಳಗಳಿಗೆ ಅವನು ತಾನೇ ಹೋಗಿ ತಪಾಸಣೆ ಮಾಡುತ್ತಿದ್ದನು. ಕ್ಯಾಪ್ಟನ್ ಕುಕ್‌ನ ಸಮುದ್ರಯಾನಗಳಿಗೂ ಬೆಂಬಲ ಕೊಟ್ಟನು. ಬಿಡುವು ಸಿಕ್ಕಾಗ ಅವನಿಗೆ ಸಂಗೀತದ ಹುಚ್ಚು. ತನ್ನ ಮನೆಯ ಕಛೇರಿಗಳಲ್ಲಿ ತಾನೇ ನಗಾರಿ ಬಾರಿಸುತ್ತಿದ್ದನಂತೆ!

ಅವನ ಕೊನೆಯ ವರ್ಷಗಳು ಸುಖದವಲ್ಲ. 1775ರಲ್ಲಿ ಅಮೆರಿಕೆಯ ಜನ ಸ್ವಾತಂತ್ರ್ಯಕ್ಕಾಗಿ ಇಂಗ್ಲೆಂಡಿನ ವಿರುದ್ಧ ಹೋರಾಟಕ್ಕೆ ಇಳಿದರು. ಇಂಗ್ಲೆಂಡು ಸೋತಿತು. ನೌಕಾದಳದ ಮಂತ್ರಿಯ ಮೇಲೆ ಜನರ ಸಿಟ್ಟು ತಿರುಗಿತು. 1782ರಲ್ಲಿ ಅವನು ಅಧಿಕಾರ ಬಿಟ್ಟನು. 1792ರ ಏಪ್ರಿಲ್ 30ರಂದು ತೀರಿಕೊಂಡನು.

1778ರಲ್ಲಿ ಕುಕ್ ಪೆಸಿಫಿಕ್ ಸಾಗರದ ಕೆಲವು ದ್ವೀಪಗಳಿಗೆ ಅವನ ನೆನಪಿಗಾಗಿ ಸ್ಯಾಂಡ್‌ವಿಚ್ ದ್ವೀಪಗಳು ಎಂದು ಹೆಸರಿಟ್ಟಿದ್ದನು. ಅಲ್ಲಿನ ಜನರ ಹೆಸರೇ ಕೊನೆಗೆ ಉಳಿಯಿತು, ಈಗ ಅವು ಹವಾಯಿ ದ್ವೀಪಗಳು. ಆದರೆ ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ, ಹಿಮ ತುಂಬಿದ ಒಂದು ದ್ವೀಪಸಮೂಹಕ್ಕೆ ದಕ್ಷಿಣ ಸ್ಯಾಂಡ್‌ವಿಚ್ ಎಂಬ ಹೆಸರು ಇನ್ನೂ ಇದೆ. ನಿಮ್ಮ ಶಾಲೆಯ ಜಗತ್ತಿನ ನಕಾಶೆಯಲ್ಲಿ ಕೆಳಗಡೆ ಹುಡುಕಿ ನೋಡಿರಿ.