ರಾಡ್‌ಗೆ ಅಂಗಿ ತೊಡಿಸಿದವರು

ಮನೆಗೊಂದು ವೆಲ್ಡಿಂಗ್ ಮಷಿನ್ ತಗೊಳ್ಳೋಣ ಅನ್ನುವ ಮಾತು ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆಯ ತೋಟದ ಮನೆಗಳಿಂದ ಬರುವ ನಮಗೆ ಹೊಸದಲ್ಲ. ಅಡಿಕೆ ಸುಲಿಯುವ ಯಂತ್ರದ ಫ್ರೇಮ್ ಕೊಯ್ಲಿನ ಹೊತ್ತಲ್ಲೇ ಬಿರುಕು ಬಿಟ್ಟರೆ ಅದನ್ನು ಪೇಟೆಯ ತನಕ ಹೊರಬೇಕಲ್ಲ! ಅಂಗಡಿಯಲ್ಲಿ ಕೇಳಿದರೆ ಸ್ಟಿಕ್, ಮಿಗ್, ಟಿಗ್ ಮೂರೂ ಇರುವ ಮಷಿನ್ ತೋರಿಸುತ್ತಾರೆ. ಮೂರರಲ್ಲಿ ಯಾವುದನ್ನು ನೋಡಿ ಕೊಳ್ಳಬೇಕು ಅನ್ನುವುದಕ್ಕೆ ಆಸ್ಕರ್ ಶೆಲ್‌ಬರ್ಗ್ ಅವರ ಬದುಕು ತಿಳಿದಿದ್ದರೆ ಒಳ್ಳೆಯದು.

ಶೆಲ್‌ಬರ್ಗ್ ಹುಟ್ಟಿದ್ದು 1870ರಲ್ಲಿ, ಸ್ವೀಡನ್ನಿನಲ್ಲಿ. ಉಗಿಹಡಗುಗಳಲ್ಲಿ ಎಂಜಿನಿಯರ್ ಆಗಿ ದುಡಿದರು. ಆಗ ಬಾಯ್ಲರ್‌ನ ತಗಡುಗಳನ್ನು ರಿವೆಟ್ ಹೊಡೆದು ಕೂಡಿಸುತ್ತಿದ್ದರು. ಸಂದಿ ಸೋರುವುದು, ಬಡಿದು ಮುಚ್ಚುವುದು, ಮತ್ತೆ ಸೋರುವುದು. ಆರ್ಕ್‌ನಿಂದ ಬೆಸೆಯುವುದು ಆಗಲೇ ಗೊತ್ತಿತ್ತು. ಬೆನಾರ್ಡೋಸ್ ಇಂಗಾಲದ ಕಡ್ಡಿಯಿಂದ, ಸ್ಲಾವ್ಯಾನೊವ್ ಲೋಹದ ಕಡ್ಡಿಯಿಂದ ರಷ್ಯಾದಲ್ಲಿ 1880ರ ದಶಕದಲ್ಲೇ ಮಾಡಿ ತೋರಿಸಿದ್ದರು. ಆದರೆ ಬರಿ ತಂತಿ ಕರಗುವಾಗ ಗಾಳಿಯ ಆಮ್ಲಜನಕ, ಸಾರಜನಕ ಒಳಸೇರಿ ಬೆಸುಗೆ ತೂತುಬಿದ್ದು ಪೆಡಸಾಗುತ್ತಿತ್ತು. ಒಳಗೆ ಉಗಿಯ ಒತ್ತಡವಿರುವ ಬಾಯ್ಲರ್‌ಗೆ ಇಂಥ ಬೆಸುಗೆ ಹಾಕಿ ಯಾರು ಪಕ್ಕದಲ್ಲಿ ನಿಲ್ಲುತ್ತಾರೆ ಹೇಳಿ?

1904ರಲ್ಲಿ ಅವರು ಗೋಥೆನ್‌ಬರ್ಗ್‌ನಲ್ಲಿ ಎಸಾಬ್ ಕಂಪನಿ ಕಟ್ಟಿದರು. ಕಬ್ಬಿಣದ ತಂತಿಯನ್ನು ಕಾರ್ಬೊನೇಟ್, ಸಿಲಿಕೇಟುಗಳ ಗಟ್ಟಿ ಕಲಕಿನಲ್ಲಿ ಅದ್ದಿ ಒಣಗಿಸಿದರು. ಬೋಂಡದ ಹಿಟ್ಟಿನಲ್ಲಿ ಮೆಣಸಿನಕಾಯಿ ಅದ್ದಿದ ಹಾಗೆ ಅಂದುಕೊಳ್ಳಿ. ಆ ಲೇಪ ಉರಿದು ಅನಿಲದ ಮರೆ ಕಟ್ಟುತ್ತದೆ, ಕರಗಿ ಸ್ಲ್ಯಾಗ್ ಆಗಿ ಬಿಸಿ ಲೋಹವನ್ನು ಮುಚ್ಚುತ್ತದೆ. 1907ರಲ್ಲಿ ಪೇಟೆಂಟ್ ಸಿಕ್ಕಿತು. ಲ್ಯಾಬ್‌ನಲ್ಲಿ ನಾವು ಸುತ್ತಿಗೆಯಿಂದ ಕುಟ್ಟಿ ತೆಗೆಯುವ ಆ ಕರಿ ಸಿಪ್ಪೆಗೆ ಇಷ್ಟು ಚರಿತ್ರೆ ಇದೆ ನೋಡಿ.

1920ರಲ್ಲಿ ಅವರ ಕಂಪನಿಯವರು ಪೂರ್ತಿ ವೆಲ್ಡ್ ಮಾಡಿದ ಎಸಾಬ್ 4 ಎಂಬ ಸಣ್ಣ ಹಡಗನ್ನು ನೀರಿಗಿಳಿಸಿದರು. 1922ರಲ್ಲಿ ಜರ್ಮನಿಯ ಫಿನ್‌ಸ್ಟರ್‌ವಾಲ್ಡೆಯಲ್ಲಿ ಇನ್ನೊಂದು ಕಾರ್ಖಾನೆ. 1931ರಲ್ಲಿ ತೀರಿಕೊಂಡರು. ಟಿಗ್, ಮಿಗ್ ಎರಡೂ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಅವನ್ನು ಅವರು ನೋಡಲಿಲ್ಲ.

ಮಿಗ್, ಟಿಗ್‌ನಲ್ಲಿ ಆ ಮರೆಯ ಕೆಲಸ ಸಿಲಿಂಡರ್‌ನ ಗ್ಯಾಸಿನದು. ಶೆಡ್ಡಿನ ಒಳಗೆ ಸರಿ. ನಮ್ಮ ಕಡೆ ಅಂಗಳದಲ್ಲಿ ಗೇಟು ಬೆಸೆಯುವಾಗ ಗಾಳಿ ಬೀಸಿದರೆ ಗ್ಯಾಸೆಲ್ಲ ಹಾರಿಹೋಗುತ್ತದೆ, ಬೆಸುಗೆ ಮತ್ತೆ ತೂತು. ಗುಡ್ಡದ ಒಂಟಿ ಮನೆಗೆ ಸಿಲಿಂಡರ್ ಸಾಗಿಸುವುದು ಬೇರೆ. ಗ್ಯಾಸ್‌ಲೆಸ್ ಅಂತ ಬರೆದಿರುವ ಫ್ಲಕ್ಸ್ ತಂತಿ ಬೇರೇನಲ್ಲ, ಶೆಲ್‌ಬರ್ಗ್ ಹೊರಗೆ ಬಳಿದ ಲೇಪವನ್ನೇ ತಂತಿಯ ಹೊಟ್ಟೆಯೊಳಗೆ ತುಂಬಿದ್ದು. ಹಾಗಾಗಿ ಮೂರರ ಮಷಿನ್ ಕೊಳ್ಳುವುದಾದರೂ ಸ್ಟಿಕ್ ಗಟ್ಟಿಯಾಗಿರಬೇಕು, ಫ್ಲಕ್ಸ್ ತಂತಿಯೂ ನಡೆಯಬೇಕು ಅನ್ನುವುದು ನಮ್ಮ ಅಭಿಪ್ರಾಯ. ಫ್ಲಕ್ಸ್ ತಂತಿಗೆ ಟಾರ್ಚಿನ ಪೋಲಾರಿಟಿ ಅದಲುಬದಲು ಮಾಡುವ ಅನುಕೂಲ ಇದೆಯಾ ಕೇಳಿ. 2.5 ಮಿ.ಮೀ. ರಾಡ್‌ಗೆ 60ರಿಂದ 90 ಆಂಪಿಯರ್ ಸಾಕು. ಆದರೆ ಸಂಜೆ ಮನೆಯ ಸಿಂಗಲ್ ಫೇಸ್ ವೋಲ್ಟೇಜ್ ಇಳಿದಾಗಲೂ ಅದು ಸಿಗುತ್ತದಾ? ಇನ್ನು ಟಿಗ್ ಬರಿ ಡಿಸಿ ಆದರೆ ಅಲ್ಯೂಮಿನಿಯಂ ಆಸೆ ಬಿಡಿ, ಅದಕ್ಕೆ ಎಸಿ ಬೇಕು.

ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ನಿಂತು ಯಾವ ಮಷಿನ್ನೂ ಬೇಡ. ರಾಡ್‌ಗಳನ್ನು ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಹಾಕಿ ಬೆಚ್ಚಗಿನ ಜಾಗದಲ್ಲಿಡಿ. ಆ ಲೇಪ ತೇವ ಕುಡಿಯುತ್ತದೆ.